ಸೇನಾ ಭರ್ತಿಗೆ ಹೊರಡುವ ಮುನ್ನ ಮನೆಯಲ್ಲೇ ಅಳೆದುಕೊಳ್ಳಿ: ಎತ್ತರ, ತೂಕ, ಎದೆ, ಹೊಟ್ಟೆ

ಕರ್ನಾಟಕದ ಹುಡುಗರು ಅಗ್ನಿವೀರ್ ಜನರಲ್ ಡ್ಯೂಟಿಗೆ (ಸಾಮಾನ್ಯ ಸೈನಿಕ ಹುದ್ದೆಗೆ) ನಿಲ್ಲಬೇಕಾದರೆ ಎತ್ತರ ಕನಿಷ್ಠ 166 ಸೆಂ.ಮೀ., ಎದೆ 77 ಸೆಂ.ಮೀ. ಇರಬೇಕು. ಉಸಿರು ತುಂಬಿಕೊಂಡಾಗ ಎದೆ ಇನ್ನೂ 5 ಸೆಂ.ಮೀ. ಹಿಗ್ಗಬೇಕು. ಕ್ಲರ್ಕ್ ಹುದ್ದೆಗೆ 162 ಸೆಂ.ಮೀ. ಎತ್ತರ ಸಾಕು. ಈ ಅಂಕಿಗಳು ಎಲ್ಲರಿಗೂ ಬಾಯಿಪಾಠ. ತೂಕದ ಮುಂದೆ ಮಾತ್ರ ‘ಎತ್ತರಕ್ಕೆ, ವಯಸ್ಸಿಗೆ ತಕ್ಕಷ್ಟು’ ಎಂದಷ್ಟೇ ಬರೆದಿರುತ್ತದೆ. ಆ ‘ತಕ್ಕಷ್ಟು’ ಎಷ್ಟು ಎಂದು ಲೆಕ್ಕ ಹಾಕದೆ ಹೋದವರಿಗೆ ವೈದ್ಯಕೀಯ ತಪಾಸಣೆಯಲ್ಲಿ ತೊಂದರೆ ಎದುರಾಗುತ್ತದೆ.

ಲೆಕ್ಕವೇನೂ ಕಷ್ಟವಿಲ್ಲ. ಸೇನಾಧಿಕಾರಿಗಳ ಆಯ್ಕೆಗೆ ನಡೆಯುವ ಎನ್‌ಡಿಎ, ಸಿಡಿಎಸ್ ಪರೀಕ್ಷೆಗಳ ಅಧಿಸೂಚನೆಗಳ ಕೊನೆಯಲ್ಲಿ ಸೇನೆಯ ತೂಕದ ಪಟ್ಟಿ ಅಚ್ಚಾಗಿರುತ್ತದೆ. ಅದರ ಹಿಂದಿರುವುದು ಬಿಎಂಐ, ಅಂದರೆ ಕೆ.ಜಿ. ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರುವ ಸಂಖ್ಯೆ. ಎತ್ತರವನ್ನು ಮೀಟರಿನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ. ಬಂದ ಸಂಖ್ಯೆಯನ್ನು 17ರಿಂದ ಗುಣಿಸಿದರೆ ಕನಿಷ್ಠ ತೂಕ. ಇದು ಎಲ್ಲ ವಯಸ್ಸಿನವರಿಗೂ ಒಂದೇ. ಗರಿಷ್ಠ ತೂಕಕ್ಕೆ 17ರಿಂದ 20 ವರ್ಷದವರು 22ರಿಂದ ಗುಣಿಸಬೇಕು, 20 ದಾಟಿದವರು 30ರವರೆಗೆ 23ರಿಂದ. 40ರವರೆಗೆ 24, ಆಮೇಲೆ 25.

170 ಸೆಂ.ಮೀ. ಎತ್ತರದ, 19 ವರ್ಷದ ಹುಡುಗನನ್ನು ತೆಗೆದುಕೊಳ್ಳಿ. 1.70ನ್ನು 1.70ರಿಂದ ಗುಣಿಸಿದರೆ 2.89. ಅವನ ಕನಿಷ್ಠ ತೂಕ 49.1 ಕೆ.ಜಿ., ಗರಿಷ್ಠ 63.6 ಕೆ.ಜಿ. ಜಿಮ್ಮಿಗೆ ಹೋಗಿ ಮೈ ಕಟ್ಟಿಸಿದ ಹುಡುಗ 67 ಕೆ.ಜಿ. ತೂಗಿದರೆ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತಾನೆ, ಆದರೂ ಪಟ್ಟಿಯ ಪ್ರಕಾರ ಮೂರು ಕೆ.ಜಿ.ಗೂ ಹೆಚ್ಚು ಮೀರಿದ್ದಾನೆ. 166 ಸೆಂ.ಮೀ. ಇರುವವನಿಗೆ ಇದೇ ವಯಸ್ಸಿನಲ್ಲಿ ಮಿತಿ 60.6 ಕೆ.ಜಿ. ಮಾತ್ರ.

ಮಿತಿ ಮೀರಿದ ಕೂಡಲೇ ಎಲ್ಲ ಮುಗಿಯಿತು ಎಂದೇನಿಲ್ಲ. ಕುಸ್ತಿ, ಬಾಕ್ಸಿಂಗ್, ದೇಹದಾರ್ಢ್ಯದ ದಾಖಲೆ ಇದ್ದವರಿಗೆ, ಸ್ನಾಯುಗಳಿಂದಲೇ ತೂಕ ಬಂದವರಿಗೆ ಆ ಅಧಿಸೂಚನೆಗಳಲ್ಲೇ ಒಂದು ದಾರಿ ಇದೆ. ಬಿಎಂಐ 25ಕ್ಕಿಂತ ಕಡಿಮೆ ಇರಬೇಕು. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ.ಗಿಂತ ಒಳಗಿರಬೇಕು. ಹೊಟ್ಟೆಯ ಅಳತೆಯನ್ನು ನಿತಂಬದ ಅಳತೆಯಿಂದ ಭಾಗಿಸಿದರೆ ಗಂಡಸರಿಗೆ 0.9, ಹೆಂಗಸರಿಗೆ 0.8 ದಾಟಬಾರದು. ರಕ್ತ ಪರೀಕ್ಷೆಯೂ ಸರಿಯಾಗಿ ಬರಬೇಕು. ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿ ಕೂತಿದೆ ಎಂಬುದನ್ನು ಈ ಅಳತೆ ಹಿಡಿಯುತ್ತದೆ. ಮೇಲಿನ 67 ಕೆ.ಜಿ. ಹುಡುಗನ ಬಿಎಂಐ 23.2. ಅವನ ಹೊಟ್ಟೆ 78, ನಿತಂಬ 92 ಇದ್ದರೆ 0.85, ಸರಿ. ಅದೇ ಹೊಟ್ಟೆ 84 ಇದ್ದರೆ 90ರ ಮಿತಿಯೊಳಗೇ ಇದ್ದರೂ ಅನುಪಾತ 0.91 ಆಗಿ ಸಿಕ್ಕಿಬೀಳುತ್ತಾನೆ.

ಈ ಎರಡಕ್ಕೂ ಹೊಲಿಗೆಯವರ ಟೇಪೇ ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಟ್ಟನಡುವೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟಾಗ ಓದಿ. ಹೊಟ್ಟೆ ಎಳೆದುಕೊಂಡು ಅಳೆದರೆ ಮೋಸ ಹೋಗುವವರು ನೀವೇ. ನಿತಂಬವನ್ನು, ಅಂದರೆ ದರ್ಜಿಗಳು ‘ಸೀಟು’ ಎನ್ನುವ ಜಾಗವನ್ನು, ಅತಿ ಅಗಲವಿರುವಲ್ಲಿ ಅಳೆಯಿರಿ. ಟೇಪು ಹಿಂದೆಮುಂದೆ ಒಂದೇ ಮಟ್ಟದಲ್ಲಿರಲಿ, ಚರ್ಮ ಒತ್ತುವಷ್ಟು ಬಿಗಿ ಬೇಡ.

ಎದೆಯ ಅಳತೆಯಲ್ಲಿ ತಪ್ಪುವವರು ಬಹಳ. ಟೇಪಿನ ಕೆಳ ಅಂಚು ಮುಂದೆ ಮೊಲೆತೊಟ್ಟಿಗೆ ತಾಗಬೇಕು, ಮೇಲಿನ ಅಂಚು ಹಿಂದೆ ಹೆಗಲಮೂಳೆಯ ಕೆಳತುದಿಗೆ. ಕೈ ಎತ್ತಿ ಟೇಪು ಸುತ್ತಿಸಿಕೊಂಡು, ಆಮೇಲೆ ಕೈ ಇಳಿಸಿ ನಿಲ್ಲಿ. ಉಸಿರು ಪೂರ್ತಿ ಬಿಟ್ಟಾಗ ಒಂದು ಅಳತೆ, ಪೂರ್ತಿ ಎಳೆದಾಗ ಇನ್ನೊಂದು. ಎದೆ ದೊಡ್ಡದಾಗಿ ಕಾಣಲೆಂದು ಮೊದಲ ಅಳತೆಯಲ್ಲೇ ಅರ್ಧ ಉಸಿರು ಹಿಡಿದುಕೊಂಡರೆ 80 ತೋರಿಸುತ್ತದೆ. ಆಗ 85 ಮುಟ್ಟಿಸಬೇಕು, ಅದು ಆಗುವುದಿಲ್ಲ. ಹೆಗಲು ಮೇಲೆತ್ತಿದರೆ ಪಕ್ಕೆಲುಬು ಹಿಗ್ಗುವುದಿಲ್ಲ, ಟೇಪು ಜಾರುತ್ತದೆ ಅಷ್ಟೆ. ದಂಡ ಹೊಡೆದರೆ ಎದೆಯ ಗಾತ್ರ ಬೆಳೆಯುತ್ತದೆ, ಹಿಗ್ಗುವಿಕೆಗೆ ಬೇರೆ ಅಭ್ಯಾಸ ಬೇಕು. ಎರಡೂ ಅಂಗೈಗಳನ್ನು ಪಕ್ಕೆಯ ಮೇಲಿಟ್ಟು, ಅಂಗೈ ಹೊರಕ್ಕೆ ತಳ್ಳುವಂತೆ ನಿಧಾನವಾಗಿ ಉಸಿರೆಳೆದು ಮೂರು ಎಣಿಸಿ ಬಿಡಿ. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಮಾಡಿ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ.

ಎತ್ತರವನ್ನು ಬರಿಗಾಲಲ್ಲಿ, ಹಿಮ್ಮಡಿ ಕೂಡಿಸಿ, ಗೋಡೆಗೆ ಬೆನ್ನು ಕೊಟ್ಟು ಅಳೆಯಿರಿ. ದೃಷ್ಟಿ ನೇರ ಇರಲಿ, ಗಲ್ಲ ಎತ್ತಬೇಡಿ. ತಲೆಯ ಮೇಲೆ ಮೂಲೆಮಟ್ಟ ಅಥವಾ ದಪ್ಪ ಪುಸ್ತಕ ಇಟ್ಟು ಗುರುತು ಹಾಕಲು ಇನ್ನೊಬ್ಬರು ಬೇಕೇ ಬೇಕು. ಬೆನ್ನುಮೂಳೆಯ ಬಿಲ್ಲೆಗಳು ದಿನವಿಡೀ ಒತ್ತಿಕೊಳ್ಳುವುದರಿಂದ ಬೆಳಗಿನ ಎತ್ತರ ಸಂಜೆಗೆ ಸುಮಾರು ಒಂದು ಸೆಂ.ಮೀ. ಇಳಿಯುತ್ತದೆ. ಆದ್ದರಿಂದ ಸಂಜೆಯ ಅಳತೆಯನ್ನೇ ನಂಬಿ. ಎತ್ತರ ಹೆಚ್ಚಿಸುವ ಪುಡಿ, ಮಾತ್ರೆಗೆ ದುಡ್ಡು ಸುರಿಯಬೇಡಿ, ಮೂಳೆಯ ಬೆಳವಣಿಗೆ ನಿಂತ ಮೇಲೆ ಯಾವುದೂ ಉದ್ದ ಮಾಡುವುದಿಲ್ಲ. ಸೈನಿಕರ, ಮಾಜಿ ಸೈನಿಕರ ಮಕ್ಕಳಿಗೆ ಎತ್ತರದಲ್ಲಿ 2 ಸೆಂ.ಮೀ., ಎದೆಯಲ್ಲಿ 1 ಸೆಂ.ಮೀ., ತೂಕದಲ್ಲಿ 2 ಕೆ.ಜಿ. ರಿಯಾಯಿತಿ ಉಂಟು. ಸಂಬಂಧದ ಪ್ರಮಾಣಪತ್ರ ಕೈಯಲ್ಲಿಲ್ಲದಿದ್ದರೆ ಅದು ಸಿಗುವುದಿಲ್ಲ.

ತೂಕ ಇಳಿಸಲು ವಾರಕ್ಕೆ ಅರ್ಧ ಕೆ.ಜಿ. ಲೆಕ್ಕ ಹಿಡಿಯಿರಿ, ಮೂರು ಕೆ.ಜಿ.ಗೆ ಆರು ವಾರ. ಮುದ್ದೆ, ಅನ್ನ ಪೂರ್ತಿ ಬಿಡಬೇಕಿಲ್ಲ. ಎರಡು ಮುದ್ದೆ ಇದ್ದಲ್ಲಿ ಒಂದು ಮಾಡಿ, ಕಾಳಿನ ಸಾರು, ಸೊಪ್ಪು, ಮೊಟ್ಟೆ ಹೆಚ್ಚಿಸಿ. ಕರಿದ ತಿಂಡಿ, ಬೇಕರಿ ತಿನಿಸು ಬಿಟ್ಟರೆ ಅರ್ಧ ಕೆಲಸ ಆದಂತೆ. ತೂಕ ಕಡಿಮೆ ಇರುವವರು ದಿನಕ್ಕೆ ಎರಡು ಲೋಟ ಹಾಲು, ಒಂದು ಹಿಡಿ ಶೇಂಗಾ, ಎರಡು ಬಾಳೆಹಣ್ಣು ಸೇರಿಸಲಿ.

ನೀರು ಬಿಟ್ಟು ತೂಕ ಇಳಿಸುವ ಹುಚ್ಚು ಮಾತ್ರ ಬೇಡವೇ ಬೇಡ. ಒಂದು ದಿನ ಬಾಯಿ ಒಣಗಿಸಿಕೊಂಡರೆ ಒಂದೆರಡು ಕೆ.ಜಿ. ಇಳಿದಂತೆ ಕಂಡೀತು. ಆದರೆ ಭರ್ತಿಯ 1.6 ಕಿ.ಮೀ. ಓಟದಲ್ಲಿ ಕಾಲಿಗೆ ಸೆಳೆತ ಬರಬಹುದು, ನಾಡಿ ಏರುತ್ತದೆ, ಕುಸಿದು ಬೀಳಲೂಬಹುದು. ಸ್ನಾಯು ಬೆಳೆಸಲು ಕ್ರಿಯಾಟಿನ್ ಪುಡಿ ತಿನ್ನುವವರ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಆರೋಗ್ಯ ತಿಳಿಯಲು ನೋಡುವ ಅಂಶ) ಹೆಚ್ಚು ತೋರಿಸಬಹುದು, ತಪಾಸಣೆಗೆ ಕೆಲವು ವಾರ ಮೊದಲೇ ಅದನ್ನು ಬಿಡುವುದು ಒಳ್ಳೆಯದು.