ಎಂ.ಎಸ್. ಇರುವವರು ಉಸಿರಾಟದ ಸ್ನಾಯುಗಳಿಗೆ ಬಲ ತಂದುಕೊಳ್ಳುವ ಕ್ರಮ

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್., ಎಂದೊಡನೆ ಮನೆಯವರ ಗಮನವೆಲ್ಲ ಕಾಲಿನ ಬಿಗಿತ, ಕಣ್ಣಿನ ಮಸುಕು, ಮೂತ್ರದ ತೊಂದರೆಗಳ ಕಡೆಗೇ ಹೋಗುತ್ತದೆ. ಉಸಿರಾಟದ ಮಾತು ಎಷ್ಟೋ ಸಲ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ ಮೇಲಷ್ಟೇ ಬರುತ್ತದೆ. ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮಯಲಿನ್ ಹೊದಿಕೆಯನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಹಾಳುಗೆಡಹುವ ಈ ಕಾಯಿಲೆಯಲ್ಲಿ, ಕಾಲುಗಳಿಗೆ ಹೋಗುವ ಸಂಕೇತಗಳು ಕುಂದುವಂತೆಯೇ ಹೊಟ್ಟೆಯ, ಪಕ್ಕೆಲುಬುಗಳ ನಡುವಿನ ಮತ್ತು ವಪೆಯ (ಎದೆ, ಹೊಟ್ಟೆಗಳನ್ನು ಬೇರ್ಪಡಿಸುವ ಡಯಾಫ್ರಂ) ಸ್ನಾಯುಗಳಿಗೆ ಹೋಗುವ ಸಂಕೇತಗಳೂ ಕುಂದಬಲ್ಲವು. ಮೊದಲು ದಾವಣಗೆರೆಯ ಕುಂದವಾಡ ಕೆರೆಯ ಏರಿಯ ಮೇಲೆ ದಿನವೂ ನಡೆಯುತ್ತಿದ್ದವರು ಈಗ ಪಡಸಾಲೆಯಿಂದ ಬಚ್ಚಲಿಗೆ ಮಾತ್ರ ನಡೆಯುತ್ತಾರೆಂದರೆ, ಏದುಸಿರು ಬರುವಷ್ಟು ಶ್ರಮವೇ ಅವರಿಗೆ ಬೀಳುವುದಿಲ್ಲ. ಹೀಗಾಗಿ ಸ್ನಾಯುಗಳ ದೌರ್ಬಲ್ಯ ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ. ಆದ್ದರಿಂದ ಉಬ್ಬಸ ಬರಲಿ, ಆಮೇಲೆ ನೋಡೋಣ ಎಂದು ಕಾಯುವುದು ಸರಿಯಲ್ಲ.

ಸಾಮಾನ್ಯವಾಗಿ ಮೊದಲು ಸೋಲುವುದು ಉಸಿರನ್ನು ಹೊರದೂಡುವ ಸ್ನಾಯುಗಳು. ವಪೆಗೆ ಹೋಗುವ ನರ ಕತ್ತಿನ ಮಟ್ಟದಲ್ಲಿ, ಬೆನ್ನುಹುರಿಯ 3ರಿಂದ 5ನೆಯ ಭಾಗಗಳಿಂದ ಹೊರಡುತ್ತದೆ. ಹೊಟ್ಟೆಯ ಸ್ನಾಯುಗಳಿಗೆ ಹೋಗುವ ನರಗಳು ಅದಕ್ಕಿಂತ ಬಹಳ ಕೆಳಗಿನವು. ಕಾಲಿನಿಂದ ಮೇಲಕ್ಕೆ ಏರುತ್ತ ಬರುವ ದೌರ್ಬಲ್ಯ ಹೊಟ್ಟೆಯನ್ನು ಮುಟ್ಟಿದಾಗ ಉಸಿರಾಟ ಮೇಲ್ನೋಟಕ್ಕೆ ಸರಿಯಾಗಿಯೇ ಇರುತ್ತದೆ, ಕೆಮ್ಮು ಮಾತ್ರ ಸಪ್ಪೆಯಾಗುತ್ತದೆ. ಕೆಮ್ಮಿಗೆ ಬಲವಿಲ್ಲದಿದ್ದರೆ ಕಫ ಮೇಲೆ ಬರುವುದಿಲ್ಲ, ತಪ್ಪಿ ಶ್ವಾಸನಾಳಕ್ಕಿಳಿದ ನೀರು ಹೊರಬರುವುದಿಲ್ಲ. ‘ದೀರ್ಘವಾಗಿ ಉಸಿರೆಳೆದುಕೊಳ್ಳಿ’ ಎಂಬ ಒಂದೇ ಸಲಹೆ ಸಾಲದು ಎನ್ನುವುದು ಇದೇ ಕಾರಣಕ್ಕೆ.

ಆರಂಭಕ್ಕೆ ಮೊದಲು ಅಳತೆ ಆಗಬೇಕು. ಬಾಯಿಯಿಂದ ಎಳೆಯುವ ಮತ್ತು ಊದುವ ಗರಿಷ್ಠ ಒತ್ತಡವನ್ನು ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ ಹೇಳುವ ಸರಳ ಪರೀಕ್ಷೆಯೊಂದಿದೆ. ದಾವಣಗೆರೆ, ಚಿತ್ರದುರ್ಗಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಶ್ವಾಸಕೋಶ ತಜ್ಞರನ್ನು ಈ ಬಗ್ಗೆ ವಿಚಾರಿಸಬಹುದು. ನರರೋಗದ ತಪಾಸಣೆಗೆಂದು ಹೇಗೂ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವವರು ಅದೇ ಸುತ್ತಿನಲ್ಲಿ ಇದನ್ನೂ ಕೇಳಿ ಮಾಡಿಸಿಕೊಂಡರೆ ಇನ್ನೊಂದು ಪ್ರಯಾಣ ಉಳಿಯುತ್ತದೆ. ಕೆಮ್ಮಿನ ರಭಸವನ್ನು ಅಸ್ತಮಾದವರು ಬಳಸುವ ಪೀಕ್ ಫ್ಲೋ ಮೀಟರಿನಲ್ಲಿಯೇ ನೋಡಬಹುದು: ನಿಮಿಷಕ್ಕೆ 270 ಲೀಟರಿಗಿಂತ ಕಡಿಮೆಯಿದ್ದರೆ ಸೋಂಕು ತಗುಲಿದಾಗ ಕಷ್ಟವಾಗುವ ಸಂಭವವಿದೆ, 160ಕ್ಕಿಂತ ಕಡಿಮೆಯಾದರೆ ಕೆಮ್ಮು ಕಫವನ್ನು ಹೊರಹಾಕಲಾರದು. ಯಾವ ಸಾಧನವೂ ಇಲ್ಲದವರು ಪೂರ್ತಿ ಉಸಿರೆಳೆದು ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಸ್ಪಷ್ಟವಾಗಿ ಎಣಿಸಿ, ಎಲ್ಲಿಗೆ ನಿಂತಿತೆಂದು ವಾರಕ್ಕೊಮ್ಮೆ ಡೈರಿಯಲ್ಲಿ ಬರೆದಿಡಲಿ. ಅದು ಪರೀಕ್ಷೆಗೆ ಬದಲಿಯಲ್ಲ; ಆದರೆ ಎಣಿಕೆ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ವೈದ್ಯರ ಮುಂದಿಡಲು ಒಂದು ಆಧಾರವಾಗುತ್ತದೆ.

ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು, ಈಚೆಗೆ ಕಣ್ಣು, ಕಿವಿ, ಎದೆ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ಹರ್ನಿಯಾ ಇರುವವರು ಮತ್ತು ಹಿಂದೆ ಎದೆಗೂಡಿನಲ್ಲಿ ಗಾಳಿ ಸೇರಿ ಶ್ವಾಸಕೋಶ ಕುಸಿದಿದ್ದವರು ವೈದ್ಯರ ಒಪ್ಪಿಗೆಯಿಲ್ಲದೆ, ಸಾಧನದ ಪ್ರತಿರೋಧಕ್ಕೆದುರಾಗಿ ಉಸಿರೆಳೆಯುವ ಮತ್ತು ಊದುವ ಈ ವ್ಯಾಯಾಮಕ್ಕೆ ಕೈಹಾಕಬಾರದು. ಜ್ವರವಿದ್ದಾಗ ಮತ್ತು ಕಾಯಿಲೆ ಹೊಸದಾಗಿ ಮರುಕಳಿಸಿದಾಗ ನಿಲ್ಲಿಸಬೇಕು.

ಸಾಧನದ ವಿಷಯದಲ್ಲಿ ಒಂದು ಗೊಂದಲ ಎಲ್ಲ ಕಡೆ ಇದೆ. ಆಪರೇಷನ್ ಆದವರಿಗೆ ಆಸ್ಪತ್ರೆಯಲ್ಲಿ ಕೊಡುವ ಮೂರು ಚೆಂಡುಗಳ ಪ್ಲಾಸ್ಟಿಕ್ ಸಾಧನ ಅನೇಕರ ಮನೆಯ ಕಪಾಟಿನಲ್ಲಿ ಬಿದ್ದಿರುತ್ತದೆ, ಅದನ್ನೇ ಎತ್ತಿಕೊಂಡು ಎಳೆಯತೊಡಗುತ್ತಾರೆ. ಶ್ವಾಸಕೋಶವನ್ನು ಪೂರ್ತಿ ಹಿಗ್ಗಿಸಲು ಅದು ಒಳ್ಳೆಯದೇ. ಆದರೆ ಅದರಲ್ಲಿ ನಿಗದಿತ ಪ್ರತಿರೋಧವಿಲ್ಲ, ವಾರ ವಾರ ಭಾರ ಹೆಚ್ಚಿಸುವ ದಾರಿಯೂ ಇಲ್ಲ. ಬಲ ಬರಬೇಕಾದರೆ ಸ್ಪ್ರಿಂಗ್ ಕವಾಟವುಳ್ಳ ಸಾಧನ ಬೇಕು. ನಿಗದಿ ಮಾಡಿದ ಒತ್ತಡ ಮುಟ್ಟುವವರೆಗೆ ಕವಾಟ ತೆರೆಯುವುದಿಲ್ಲ, ಮುಟ್ಟಿದ ಕ್ಷಣ ಗಾಳಿ ಸುಯ್ಯೆಂದು ಹರಿಯುತ್ತದೆ. ಆ ಸದ್ದೇ ಪ್ರಯತ್ನ ಸರಿಯಾಗಿದೆ ಎಂಬುದರ ಗುರುತು. ಒಳ ಉಸಿರಿಗೆ ಬೇರೆ, ಹೊರ ಉಸಿರಿಗೆ ಬೇರೆ ಸಾಧನ ಬರುತ್ತದೆ. ಕೊಳ್ಳುವ ಮೊದಲು ಫಿಸಿಯೊಥೆರಪಿಸ್ಟರಿಗೆ ತೋರಿಸಿ, ಏಕೆಂದರೆ ಬಹಳ ದುರ್ಬಲರಾದವರಿಗೆ ಕೆಲವು ಸಾಧನಗಳ ಕನಿಷ್ಠ ಒತ್ತಡವೇ ಹೆಚ್ಚಾಗಬಹುದು.

ಕೂರುವ ಭಂಗಿಯಿಂದಲೇ ಅರ್ಧ ಕೆಲಸ ಆಗುತ್ತದೆ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಅಥವಾ ಗಾಲಿಕುರ್ಚಿಯಲ್ಲಿ ನೇರವಾಗಿ ಕುಳಿತು, ಪಾದಗಳನ್ನು ಊರಿ, ಎರಡೂ ಮೊಣಕೈಗಳನ್ನು ಮುಂದಿನ ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ಕೈ ನಡುಗುವವರಿಗೆ ಮನೆಯವರು ಸಾಧನವನ್ನು ಹಿಡಿದುಕೊಂಡರೂ ನಡೆಯುತ್ತದೆ. ಮೂಗಿಗೆ ಕ್ಲಿಪ್ ಹಾಕಿ, ಮೌತ್‌ಪೀಸಿನ ಸುತ್ತ ತುಟಿಗಳನ್ನು ಬಿಗಿಯಾಗಿ ಮುಚ್ಚಬೇಕು. ತುಟಿಯ ಒಂದು ಮೂಲೆಯಿಂದ ಗಾಳಿ ಸೋರಿದರೆ ಕವಾಟ ತೆರೆಯುವುದೇ ಇಲ್ಲ, ಮಾಡುವವರು ತಮಗೆ ಬಲವೇ ಇಲ್ಲವೆಂದು ಸೋತುಬಿಡುತ್ತಾರೆ. ಮುಖದ ಸ್ನಾಯು ಸಡಿಲವಾಗಿದ್ದರೆ ಆ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು, ಇಲ್ಲವೇ ಅಗಲ ಅಂಚಿನ ಮೌತ್‌ಪೀಸ್ ಹಾಕಿಸಬೇಕು. ಒಳ ಉಸಿರಿನ ಸಾಧನದಲ್ಲಿ ಮೊದಲು ಉಸಿರನ್ನು ಮೆಲ್ಲಗೆ ಹೊರಬಿಟ್ಟು, ಬಳಿಕ ಒಮ್ಮೆಲೇ ಜೋರಾಗಿ ಎಳೆದು, ಮತ್ತೆ ನಿಧಾನವಾಗಿ ಬಿಡಬೇಕು. ಹೊರ ಉಸಿರಿನದರಲ್ಲಿ ಇದು ತಿರುಗುಮುರುಗು: ತುಂಬ ಎಳೆದುಕೊಂಡು, ಹೊಟ್ಟೆಯನ್ನು ಒಳಕ್ಕೆ ಬಿಗಿದು, ರಭಸದಿಂದ ಊದಬೇಕು. ಒಂದೊಂದು ಉಸಿರಿನ ನಡುವೆ ಆತುರ ಬೇಡ, ಬೇಗ ಬೇಗ ಮಾಡಿದರೆ ತಲೆ ತಿರುಗುತ್ತದೆ.

ಗರಿಷ್ಠ ಒತ್ತಡದ ಶೇ 30ರಷ್ಟರಿಂದ ಆರಂಭಿಸುವುದು ವಾಡಿಕೆ. ಎಳೆಯುವ ಗರಿಷ್ಠ ಒತ್ತಡ 60 ಸೆಂಟಿಮೀಟರ್ ಇದ್ದವರಿಗೆ ಸಾಧನವನ್ನು 18ಕ್ಕೆ ಇಡಬೇಕು. 10ರಿಂದ 15 ಉಸಿರುಗಳ ಒಂದು ಸುತ್ತು, ಒಂದೆರಡು ನಿಮಿಷ ವಿಶ್ರಾಂತಿ, ಹೀಗೆ ಮೂರು ಸುತ್ತು. ವಾರದಲ್ಲಿ ಐದು ದಿನ. ಮೂರನೆಯ ಸುತ್ತಿನ ಕೊನೆಗೆ ಕಷ್ಟವೆನಿಸಬೇಕು, ಆದರೆ ಆ ದಿನದ ಉಳಿದ ಕೆಲಸಕ್ಕೆ ಶಕ್ತಿ ಉಳಿದಿರಬೇಕು. ಮೂರೂ ಸುತ್ತು ಹಗುರವಾದಾಗ ಮಾತ್ರ ಸ್ವಲ್ಪ ಏರಿಸಿ. ದಣಿವು ಹೆಚ್ಚಿದ ವಾರದಲ್ಲಿ ಸುತ್ತು ಕಡಿಮೆ ಮಾಡಿದರೆ ಗಳಿಸಿದ್ದು ಹಾಳಾಗುವುದಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ ಒಟ್ಟು 195 ಮಂದಿಯನ್ನೊಳಗೊಂಡ 6 ಪ್ರಯೋಗಗಳನ್ನು ಪರಿಶೀಲಿಸಿ, ಒಳ ಉಸಿರಿನ ತರಬೇತಿಯಿಂದ ಆ ಸ್ನಾಯುಗಳ ಬಲ ಮಿತವಾಗಿ ಹೆಚ್ಚುವುದನ್ನು ಕಂಡಿತು. ಹೊರ ಉಸಿರಿನ ತರಬೇತಿಯಲ್ಲಿ ಅಂಥ ಸ್ಪಷ್ಟ ಫಲ ಕಾಣಲಿಲ್ಲ, ಒಟ್ಟು ಪುರಾವೆಯ ಗುಣಮಟ್ಟವೂ ಕೆಳಮಟ್ಟದ್ದು. ಹಾಗೆಂದು ಹೊರ ಉಸಿರನ್ನು ಕೈಬಿಡಬೇಕೆಂದು ನನಗೆ ತೋರುವುದಿಲ್ಲ. ಚೆನ್ನಾಗಿ ಕೆಮ್ಮಲು ಮೊದಲು ಎದೆ ತುಂಬ ಗಾಳಿ ಬೇಕಾಗುವುದರಿಂದ ಒಳ ಉಸಿರಿನಿಂದ ಆರಂಭಿಸಿ, ಹೊರ ಉಸಿರಿನದನ್ನು ಫಿಸಿಯೊಥೆರಪಿಸ್ಟರ ಅಳತೆಯ ಮೇಲೆ ಸೇರಿಸುವುದು ವಿವೇಕದ ದಾರಿ. ಎಂಟು ಹತ್ತು ವಾರಗಳ ಮೇಲೆ ಮತ್ತೆ ಅಳೆಸಿ ನೋಡಿ. ಪೂರ್ತಿ ನಿಲ್ಲಿಸಿದರೆ ಬಂದ ಬಲ ಕ್ರಮೇಣ ಇಳಿಯುತ್ತದೆ. ಆದ್ದರಿಂದ ವಾರಕ್ಕೆ ಎರಡು ಮೂರು ದಿನವಾದರೂ ಮುಂದುವರಿಸಬೇಕು.

ನಮ್ಮ ಕಡೆಯ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಮೈ ಬಿಸಿಯಾದರೆ ಎಂ.ಎಸ್. ಲಕ್ಷಣಗಳು ತಾತ್ಕಾಲಿಕವಾಗಿ ಉಲ್ಬಣಿಸುತ್ತವೆ. ಇದನ್ನು 1890ರಲ್ಲಿ ವಿವರಿಸಿದ ಜರ್ಮನ್ ನೇತ್ರವೈದ್ಯ ಊಟ್‌ಹಾಫ್ ಅವರ ಹೆಸರಿನಿಂದಲೇ ಕರೆಯುತ್ತಾರೆ. ಏಪ್ರಿಲ್‌ನಲ್ಲಿ ಚಿತ್ರದುರ್ಗದ ಬಂಡೆಗಳು ಸಂಜೆಯಾದರೂ ಕಾವು ಬಿಡುವುದಿಲ್ಲ, ತಾರಸಿ ಮನೆಗಳ ಕಥೆಯೂ ಅದೇ. ಹಾಗಾಗಿ ಬೆಳಿಗ್ಗೆ, ತಿಂಡಿಗೆ ಮೊದಲು, ಫ್ಯಾನಿನ ಕೆಳಗೆ, ಕುತ್ತಿಗೆಗೆ ಒದ್ದೆ ಟವೆಲ್ ಹಾಕಿಕೊಂಡು ಮಾಡುವುದು ಒಳ್ಳೆಯದು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರ ವಾಸಿಸುವವರು ಹೊಗೆ ಇಲ್ಲದ ಹೊತ್ತನ್ನು ಆರಿಸಿಕೊಳ್ಳಲಿ.

ಪ್ರಾಣಾಯಾಮ ಸಾಲದೇ ಎಂದು ಕೇಳುವವರು ಬಹಳ. ಅನುಲೋಮ ವಿಲೋಮ ಮನಸ್ಸಿಗೆ ನೆಮ್ಮದಿ ಕೊಡಬಹುದು, ಆದರೆ ಸ್ನಾಯುವಿಗೆ ಅಳೆದು ಏರಿಸುವ ಭಾರ ಅದರಲ್ಲಿಲ್ಲ. ಭಸ್ತ್ರಿಕಾ, ಕಪಾಲಭಾತಿಗಳಂಥ ವೇಗದ ಕ್ರಮಗಳಿಂದ ತಲೆಸುತ್ತು, ದಣಿವು ಬರಬಹುದಾದ್ದರಿಂದ ವೈದ್ಯರನ್ನು ಕೇಳದೆ ಬೇಡ. ಇದಕ್ಕಿಂತ ವಚನಗಳನ್ನು ಗಟ್ಟಿಯಾಗಿ ಓದುವುದು, ಭಜನೆಗೆ ದನಿಗೂಡಿಸುವುದು ನನಗೆ ಹೆಚ್ಚು ಮೆಚ್ಚುಗೆ: ಹೊರ ಉಸಿರಿನ ಹಿಡಿತಕ್ಕೆ ಅದು ಒಳ್ಳೆಯ ಜೊತೆ, ಬೇಸರವೂ ಬರುವುದಿಲ್ಲ.

ಕೆಮ್ಮು ಈಗಾಗಲೇ ಸೋತಿದ್ದರೆ ಮನೆಯವರೂ ಕೈಜೋಡಿಸಬೇಕು. ರೋಗಿ ತುಂಬ ಉಸಿರೆಳೆದು ಕೆಮ್ಮುವ ಕ್ಷಣದಲ್ಲಿಯೇ, ಪಕ್ಕೆಲುಬುಗಳ ಕೆಳಗೆ ಹೊಟ್ಟೆಯ ಮೇಲಿಟ್ಟ ಅಂಗೈಗಳಿಂದ ಒಳಕ್ಕೂ ಮೇಲಕ್ಕೂ ಒತ್ತಬೇಕು. ಕ್ಷಣ ತಪ್ಪಿದರೆ ಪ್ರಯೋಜನವಿಲ್ಲ, ಊಟದ ಮೇಲೆ ಮಾಡಲೇಬಾರದು. ಫಿಸಿಯೊಥೆರಪಿಸ್ಟರ ಎದುರು ಒಮ್ಮೆ ಕಲಿತು ಆಮೇಲೆ ಮನೆಯಲ್ಲಿ ಮಾಡಿ. ನುಂಗುವಾಗ ತೊಂದರೆ ಇರುವವರು ಒಣ ಮಂಡಕ್ಕಿ, ಖಾರದ ಪುಡಿ ಹಚ್ಚಿದ ಅವಲಕ್ಕಿಯಂಥ ಉದುರುದುರಾದ ತಿನಿಸುಗಳನ್ನು ಬಿಡುವುದು ಲೇಸು. ನೆನೆಸಿದ ಮಂಡಕ್ಕಿ ಒಗ್ಗರಣೆಯಾದರೂ ಚೆನ್ನಾಗಿ ಮೆತ್ತಗಾಗಿರಲಿ, ನೇರ ಕುಳಿತು ಸ್ವಲ್ಪ ಸ್ವಲ್ಪವೇ ತಿನ್ನಲಿ. ನೀರು ಕುಡಿದಾಗಲೆಲ್ಲ ಕೆಮ್ಮು ಬಂದರೆ ನುಂಗುವಿಕೆಯ ಪರೀಕ್ಷೆ ಮಾಡಿಸಬೇಕು. ಫ್ಲೂ ಮತ್ತು ನ್ಯುಮೊಕಾಕಲ್ ಲಸಿಕೆಗಳ ಬಗ್ಗೆ ನರರೋಗ ತಜ್ಞರನ್ನು ಕೇಳಿ, ಎಂ.ಎಸ್. ಔಷಧಿಗಳ ಜೊತೆ ಅವುಗಳ ಸಮಯವನ್ನು ಹೊಂದಿಸಬೇಕಾಗುತ್ತದೆ.

ಸಾಧನವನ್ನು ಬಳಸಿದ ಮೇಲೆ ಸೋಪು ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಒಬ್ಬರದನ್ನು ಇನ್ನೊಬ್ಬರು ಬಳಸಬಾರದು.

ಬೆಳಿಗ್ಗೆ ಏಳುವಾಗ ತಲೆನೋವು, ಹಗಲೆಲ್ಲ ತೂಕಡಿಕೆ, ಚಪ್ಪಟೆಯಾಗಿ ಮಲಗಲಾಗದಿರುವುದು, ಒಂದು ವಾಕ್ಯ ಮುಗಿಸುವಷ್ಟರಲ್ಲಿ ಎರಡು ಮೂರು ಸಲ ಉಸಿರು ತೆಗೆದುಕೊಳ್ಳುವುದು, ಇವು ರಾತ್ರಿ ಹೊತ್ತು ಉಸಿರಾಟ ಸಾಲುತ್ತಿಲ್ಲ ಎಂಬುದರ ಸೂಚನೆಯಾಗಿರಬಹುದು. ವ್ಯಾಯಾಮ ನಿಲ್ಲಿಸಿ ಆ ವಾರವೇ ವೈದ್ಯರನ್ನು ಕಾಣಬೇಕು. ಜ್ವರದ ಜೊತೆ ಉಬ್ಬಸ ಬಂದರೆ, ತುಟಿ ನೀಲಿಗಟ್ಟಿದರೆ ಅಥವಾ ಮಂಪರು ಕವಿದರೆ ವಾರವೆಲ್ಲಿ, ಗಂಟೆಯೂ ಕಾಯದೆ 108ಕ್ಕೆ ಕರೆ ಮಾಡಿ.