ತತಾಮಿಗೆ ಗಾಳಿ ಬೇಕು, ನೀರು ಬೇಡ

ಜೂನ್ ತಿಂಗಳು. ಟೋಕಿಯೊದಲ್ಲಿ ಮಳೆ ಹಿಡಿದು ವಾರ ಕಳೆದಿತ್ತು. ನೆಲದ ಮೇಲೆ ಹಾಸಿದ್ದ ಗಾದಿಯನ್ನು ಎಂಟು ದಿನ ಎತ್ತಿರಲಿಲ್ಲ. ಎತ್ತಿ ನೋಡಿದರೆ ಗಾದಿಯ ಅಳತೆಗೆ ಸರಿಯಾಗಿ ಹಸಿರು ಬೂಷ್ಟು ಹಬ್ಬಿತ್ತು. ಜಪಾನಿಗೆ ಕೆಲಸಕ್ಕೋ ಓದಿಗೋ ಹೋಗುವ ಕನ್ನಡಿಗರಿಗೆ ಬಾಡಿಗೆ ಮನೆಯಲ್ಲಿ ಇಂಥ ಒಂದು ತತಾಮಿ ಕೋಣೆ, ಅಂದರೆ ದಪ್ಪ ಹುಲ್ಲುಚಾಪೆಗಳೇ ನೆಲವಾಗಿರುವ ಕೋಣೆ, ಸಿಗಬಹುದು. ಗಾದಿ ಹಾಸುವ ಮೊದಲೇ ಅವರಿಗೆ ಇದೆಲ್ಲ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಚಾಪೆ ಅಂದರೆ ನಮಗೆ ಸುರುಳಿ ಸುತ್ತಿ ಮೂಲೆಗೆ ಒರಗಿಸುವ ವಸ್ತು. ತತಾಮಿಯೋ, ಅದೇ ನೆಲ. ಹಳೇ ಪದ್ಧತಿಯಲ್ಲಿ ಭತ್ತದ ಹುಲ್ಲನ್ನು ಸುಮಾರು 40 ಸೆಂ.ಮೀ. ಎತ್ತರಕ್ಕೆ ಪೇರಿಸಿ, ಒತ್ತಿ, ಹೊಲಿದು 5 ಸೆಂ.ಮೀ. ದಪ್ಪಕ್ಕೆ ಇಳಿಸುತ್ತಾರೆ. ಅಂಥ ಒಂದು ತತಾಮಿ ಸುಮಾರು 30 ಕಿಲೋ ತೂಗುತ್ತದೆ. ಅದರ ಮೇಲೆ ಇಗುಸಾ ಎಂಬ ಜೊಂಡಿನ ಹೊದಿಕೆ, ಉದ್ದದ ಎರಡು ಬದಿಗೆ ಬಟ್ಟೆಯ ಅಂಚು. ಜಪಾನಿನಲ್ಲಿ ಬೆಳೆಯುವ ಇಗುಸಾದ ಬಹುಪಾಲು ಕುಮಾಮೊಟೊ ಪ್ರಾಂತ್ಯದ ಯಾತ್ಸುಶಿರೊ ಕಡೆಯದು. ಜೂನ್-ಜುಲೈಯಲ್ಲಿ ಕೊಯ್ದು, ಮಣ್ಣು ಕದಡಿದ ನೀರಲ್ಲಿ ಅದ್ದಿ ಒಣಗಿಸುತ್ತಾರೆ. ಹೊಸ ಹುಲ್ಲಿನ ಆ ಪರಿಮಳ ಕೋಣೆ ತುಂಬ ನಿಲ್ಲುವುದು ಅದರಿಂದಲೇ.

ಈ ಜೊಂಡಿನ ಒಳಗೆ ಸ್ಪಂಜಿನಂಥ ತಿರುಳು ಇದೆ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಹೀರುತ್ತದೆ, ಗಾಳಿ ಒಣಗಿದಾಗ ಬಿಡುತ್ತದೆ. ಬಿಡುವುದಕ್ಕೆ ದಾರಿ ಇಲ್ಲದಿದ್ದರೆ ಬೂಷ್ಟು, ನುಸಿ.

ಹಾಗಾಗಿ ಮೊದಲ ಕೆಲಸ ಬೆಳಗ್ಗೆ ಎದ್ದ ಕೂಡಲೇ ಶುರು. ಗಾದಿ ಮಡಚಿ ಎತ್ತಿಡಿ. ಅದಕ್ಕೆಂದೇ ಕೋಣೆಯಲ್ಲಿ ಒಶಿಇರೆ ಎಂಬ ಗೋಡೆಗೂಡು ಇರುತ್ತದೆ. ತತಾಮಿಯ ಮೇಲೆ ಕಾರ್ಪೆಟ್ ಹಾಸಲೇಬೇಡಿ. ಒಣ ದಿನಗಳಲ್ಲಿ ಎರಡು ಕಡೆಯ ಕಿಟಕಿ ತೆರೆಯಿರಿ. ಮಳೆ ದಿನ ಕಿಟಕಿ ಮುಚ್ಚಿ ಎಸಿಯನ್ನು ತೇವ ತೆಗೆಯುವ ಕ್ರಮದಲ್ಲಿ ಓಡಿಸಿ. ಚಪ್ಪಲಿ ಮಾತ್ರವಲ್ಲ, ಮನೆಯೊಳಗಿನ ಸ್ಲಿಪ್ಪರನ್ನೂ ಹೊಸ್ತಿಲಲ್ಲೇ ಬಿಡಬೇಕು. ಸೂಟ್‌ಕೇಸ್ ಉರುಳಿಸಬೇಡಿ, ಎತ್ತಿ ತನ್ನಿ. ಚಕ್ರಕ್ಕೆ ಸಿಕ್ಕರೆ ನೇಯ್ಗೆ ಸೀಳುತ್ತದೆ.

ಗುಡಿಸುವಾಗ ಎಳೆ ಓಡಿದ ದಿಕ್ಕಿಗೇ ಪೊರಕೆಯನ್ನೋ ವ್ಯಾಕ್ಯೂಮನ್ನೋ ನಿಧಾನವಾಗಿ ಎಳೆಯಿರಿ. ಪಕ್ಕದ ತತಾಮಿಯನ್ನು ಅಡ್ಡಲಾಗಿ ಹಾಸಿರಬಹುದು, ಆಗ ನೀವೂ ತಿರುಗಬೇಕು. ಹಳಬರು ಸೋಸಿದ ಚಹಾ ಸೊಪ್ಪನ್ನು ಚೆನ್ನಾಗಿ ಹಿಂಡಿ, ನೆಲಕ್ಕೆ ಉದುರಿಸಿ, ಧೂಳನ್ನು ಅದಕ್ಕೆ ಅಂಟಿಸಿಕೊಂಡು ಗುಡಿಸುತ್ತಿದ್ದರು.

ಒರೆಸುವುದರಲ್ಲೇ ನಮ್ಮವರು ತಪ್ಪುವುದು. ದಿನಾ ಬಕೆಟ್ ನೀರಲ್ಲಿ ನೆಲ ಒರೆಸಿ ಅಭ್ಯಾಸ, ಅಲ್ವಾ? ಇಲ್ಲಿ ಅದು ಬೇಡ. ಒಣ ಬಟ್ಟೆ ಸಾಕು. ಜಿಡ್ಡು ಇದ್ದರೆ ಬಿಗಿಯಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆ ಆಡಿಸಿ. ಬ್ಲೀಚ್ ಹಾಕಿದರೆ ಬಣ್ಣ ಕೆಡುತ್ತದೆ. ಹೊಸ ತತಾಮಿಯಿಂದ ಬಟ್ಟೆಗೆ ಹತ್ತುವ ಪುಡಿಗೆ ಗಾಬರಿ ಬೇಡ, ಅದು ಆ ಮಣ್ಣುನೀರಿನದು.

ಸಾರು ಚೆಲ್ಲಿತೇ? ಉಜ್ಜಬೇಡಿ. ಉಜ್ಜಿದಷ್ಟೂ ಎಳೆಯ ಒಳಗೆ ಇಳಿಯುತ್ತದೆ. ಟಿಶ್ಯೂ ಒತ್ತಿ ಹೀರಿಸಿ. ಮೇಲೆ ಉಪ್ಪು ಅಥವಾ ಹಿಟ್ಟು ಉದುರಿಸಿ. ಉಳಿದ ತೇವ ಅದಕ್ಕೆ ಹಿಡಿದ ಮೇಲೆ ವ್ಯಾಕ್ಯೂಮ್‌ನಲ್ಲಿ ತೆಗೆಯಿರಿ.

ಬೂಷ್ಟು ಬಂದೇಬಿಟ್ಟಿದ್ದರೆ ನೀರೂ ಬೇಡ, ವ್ಯಾಕ್ಯೂಮೂ ಬೇಡ. ನೀರು ಅದಕ್ಕೆ ಊಟ ಹಾಕಿದಂತೆ, ವ್ಯಾಕ್ಯೂಮ್ ಅದನ್ನು ಕೋಣೆಯೆಲ್ಲ ಹರಡುತ್ತದೆ. ಮಾಸ್ಕ್ ಹಾಕಿ, ಕಿಟಕಿ ತೆರೆಯಿರಿ. ಒಲೆ, ಊದುಬತ್ತಿ ಆರಿಸಿ. ಔಷಧ ಅಂಗಡಿಯಲ್ಲಿ ಸಿಗುವ ಸುಮಾರು ಶೇ 80ರ ಎಥನಾಲನ್ನು ಬೂಷ್ಟಿನ ಮೇಲೆ ಸಿಂಪಡಿಸಿ ಸ್ವಲ್ಪ ಹೊತ್ತು ಬಿಡಿ. ಬಟ್ಟೆಯ ಅಂಚಿಗೆ ತಾಗದಿರಲಿ, ಬಣ್ಣ ಬಿಡಬಹುದು. ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಎಳೆಯ ಉದ್ದಕ್ಕೆ ಮೆಲ್ಲಗೆ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ನನಗೆ ಇದನ್ನು ಮೂರು ದಿನ ಮಾಡಬೇಕಾಯಿತು. ಕಲೆ ಸ್ವಲ್ಪ ಉಳಿಯಿತು, ಮುಗ್ಗಲು ವಾಸನೆ ಹೋಯಿತು.

ಮೇಜಿನ ಕಾಲು ಕುಳಿ ಮಾಡಿದ್ದರೆ ಒದ್ದೆ ಬಟ್ಟೆ ಹಾಕಿ ಮೇಲಿಂದ ಇಸ್ತ್ರಿ ಪೆಟ್ಟಿಗೆ ಒತ್ತಿ, ನಂತರ ಒಣಗಿಸಿ. ಎಳೆ ಉಬ್ಬಿ ಮೇಲೆ ಬರುತ್ತದೆ.

ವರ್ಷಕ್ಕೊಮ್ಮೆ, ಶರತ್ಕಾಲದ ಒಣ ದಿನ ನೋಡಿ ತತಾಮಿಯ ಒಂದು ಬದಿ ಎತ್ತಿ ಕೆಳಗೆ ಖಾಲಿ ಡಬ್ಬಿ ಇಡಿ. ಅಡಿಗೆ ಗಾಳಿ ಹೋಗಲಿ. ಒಬ್ಬರೇ ಎತ್ತಬೇಡಿ. ಮೂರರಿಂದ ಐದು ವರ್ಷಕ್ಕೆ ತತಾಮಿ ಅಂಗಡಿಯವರು ಹೊದಿಕೆ ಬಿಚ್ಚಿ ಮಗುಚಿ ಹಾಕುತ್ತಾರೆ. ಇದಕ್ಕೆ ಉರಾಗಾಯೆಶಿ ಎನ್ನುತ್ತಾರೆ. ಆ ಬದಿಯೂ ಸವೆದರೆ ಹೊದಿಕೆ ಮಾತ್ರ ಹೊಸದು, ಒಳಗಿನ ಹುಲ್ಲು ಹಳೆಯದೇ. 2020ರಲ್ಲಿ ಯುನೆಸ್ಕೊ ಜಪಾನಿನ ಮರದ ಕಟ್ಟಡಗಳ ಕುಶಲತೆಗಳನ್ನು ತನ್ನ ಪಟ್ಟಿಗೆ ಸೇರಿಸಿದಾಗ ತತಾಮಿ ಮಾಡುವ ವಿದ್ಯೆಯೂ ಅದರಲ್ಲಿತ್ತು. ಆ ಕೈಗಳ ಕೆಲಸ ನೋಡಲು ಸಿಕ್ಕರೆ ತಪ್ಪಿಸಿಕೊಳ್ಳಬೇಡಿ.

ಮನೆ ಬಿಡುವಾಗ ಏನಾಗುತ್ತದೆ? ಅಲ್ಲಿನ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಬಿಸಿಲಿಗೆ ಬಣ್ಣ ಮಾಸಿದ್ದು, ಮೇಜು ಕಪಾಟಿನ ಕುಳಿ ಸಾಮಾನ್ಯ ಸವಕಳಿ. ಅದು ಮಾಲೀಕರ ಲೆಕ್ಕ. ಚೆಲ್ಲಿದ್ದನ್ನು ಹಾಗೇ ಬಿಟ್ಟು ಬಂದ ಕಲೆ, ಬೂಷ್ಟು ಬಾಡಿಗೆದಾರರ ಲೆಕ್ಕ. ಕರಾರಿನಲ್ಲಿ ಬೇರೆ ಷರತ್ತು ಇದೆಯೇ ಓದಿ. ಕಾಲಿಟ್ಟ ದಿನವೇ ಒಂದೊಂದು ತತಾಮಿಯ ಫೋಟೊ ತೆಗೆದು, ದಿನಾಂಕ ಸಮೇತ ಮಾಲೀಕರಿಗೂ ಒಂದು ಪ್ರತಿ ಕಳಿಸಿಡಿ.