18ರಲ್ಲಿ ನಿಲ್ಲದ ಕಾಯಿ

ಮಳೆಗಾಲದಲ್ಲಿ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆ ಕರೆಂಟ್ ಹೋದರೆ ಮತ್ತೆ ಯಾವಾಗ ಬಂದೀತು ಎಂದು ಹೇಳುವಂತಿಲ್ಲ. ಅಂಥದೊಂದು ಸಂಜೆ ಹುಣಸೆ ಬೀಜಗಳನ್ನು ಕಪ್ಪು ಕಾಯಿಗಳೆಂದೂ ಅಂಗಿಯ ಗುಂಡಿಗಳನ್ನು ಬಿಳಿ ಕಾಯಿಗಳೆಂದೂ ಇಟ್ಟುಕೊಂಡು ನನ್ನ ಮೊದಲ ಚೆಕ್ಕರ್ಸ್ ಸಮಸ್ಯೆಯನ್ನು, ಅಂದರೆ ಬಿಳಿಯ ಗೆಲುವಿನ ನಡೆ ಹುಡುಕುವ ಒಗಟನ್ನು, ಕಟ್ಟಿದೆ.

ಹಲಗೆಯ 32 ಕಪ್ಪು ಮನೆಗಳಿಗೆ ಮೇಲಿನ ಸಾಲಿನ ಎಡದಿಂದ ಅಂಕೆ ಹಾಕುತ್ತಾರೆ. ಕಪ್ಪು ಓರೆಯಾಗಿ ಇಳಿಯುತ್ತದೆ, ಬಿಳಿ ಓರೆಯಾಗಿ ಏರುತ್ತದೆ. ಪಕ್ಕದ ಎದುರಾಳಿ ಕಾಯಿಯನ್ನು ಹಾರಿ ಅದರಾಚೆಯ ಖಾಲಿ ಮನೆಗೆ ಹೋಗುವುದೇ ಹೊಡೆತ. ಹೊಡೆಯುವ ಅವಕಾಶವಿದ್ದರೆ ಹೊಡೆಯಲೇಬೇಕು. ಸಮಸ್ಯೆ ಕಟ್ಟುವವನ ಬಂಡವಾಳವೆಲ್ಲ ಈ ಒಂದೇ ನಿಯಮ. ನಾನು ಕೊನೆಯಿಂದ ಹಿಂದಕ್ಕೆ ಕಟ್ಟುತ್ತೇನೆ: ಮೊದಲು ಒಂದೇ ನಡೆಯಲ್ಲಿ ಎರಡು ಕಾಯಿ ಹಾರುವ ಜೋಡಿ ಹೊಡೆತ, ಆಮೇಲೆ ಅದಕ್ಕೆ ದಾರಿ ಬಿಡಿಸುವ ಬಲಿ.

ಬಿಳಿ 18, 22, 24ರಲ್ಲಿ. ಕಪ್ಪು 10, 11ರಲ್ಲಿ. ಬಿಳಿ 18ರಿಂದ 15ಕ್ಕೆ ನಡೆದು ತಲೆ ಕೊಡುತ್ತದೆ. ಯಾವ ಕಪ್ಪು ಹೊಡೆದರೂ ಬಿಳಿ ಎರಡನ್ನೂ ಬಾಚಿಕೊಳ್ಳುತ್ತದೆ ಎಂದುಕೊಂಡಿದ್ದೆ. ಅಕ್ಕನ ಮಗ ಒಂದು ಕ್ಷಣ ನೋಡಿ, "ಮಾವ, 11ರ ಕಾಯಿ 18ರಲ್ಲಿ ನಿಲ್ಲುವುದಿಲ್ಲವಲ್ಲ" ಎಂದ. ನಿಜ. ಅದು ಅಲ್ಲಿಂದಲೇ 22ನ್ನೂ ಹಾರಿ 25ಕ್ಕೆ ಹೋಗುತ್ತದೆ. ನನ್ನ ಹೊಡೆತಗಳನ್ನಷ್ಟೇ ಎಣಿಸಿದ್ದೆ, ಎದುರಾಳಿಯದನ್ನಲ್ಲ.

10ರ ಕಾಯಿಯೂ ಹೀಗೇ 24ನ್ನು ಹಾರಿ 28ಕ್ಕೆ ಹೋಗುತ್ತದೆ. 25, 28ರಲ್ಲಿ ಬಿಳಿಯ ಕಾವಲಿಟ್ಟರೆ ಐದು ಬಿಳಿಗೆ ಎರಡು ಕಪ್ಪು. ಅದನ್ನು ಯಾರು ಬಿಡಿಸುತ್ತಾರೆ? ಎರಡು ದಿನ ಬಿಟ್ಟು ಇಡೀ ಚಿತ್ರವನ್ನೇ ಎರಡು ಸಾಲು ಕೆಳಗೆ ಜಾರಿಸಿದೆ. ಬಿಳಿ 26, 30, 32. ಕಪ್ಪು 18, 19. ಕೊನೆಯ ಸಾಲಿನ ಕಾಯಿಯನ್ನು ಹಾರಲು ಅದರಾಚೆ ಮನೆಯೇ ಇಲ್ಲ. ಈಗ 26ರಿಂದ 23ಕ್ಕೆ ನಡೆದರೆ ಎರಡೂ ಕಡೆ ಜೋಡಿ ಹೊಡೆತ ಸರಿಯಾಗಿ ಬೀಳುತ್ತದೆ.

"ಮೂರಕ್ಕೆ ಎರಡಿದ್ದಾಗ ಬಲಿ ಯಾಕೆ ಮಾವ? 22ಕ್ಕೆ ಹೋಗಿ ಒಂದಕ್ಕೊಂದು ಕೊಟ್ಟು ತೆಗೆದುಕೊಂಡರೂ ನಿಧಾನಕ್ಕೆ ಗೆಲ್ಲಬಹುದು." ಹುಡುಗನ ಮೇಲೆ ಸಿಟ್ಟು ಬಂತು. ಸಮಸ್ಯೆಗೆ ಎರಡು ಉತ್ತರವಿದ್ದರೆ ಅದು ಸಮಸ್ಯೆಯಲ್ಲ.

ಎರಡೂ ಕಡೆಯವರು ತಪ್ಪದೆ ಆಡಿದರೆ ಈ ಆಟ ಸಮಬಲದಲ್ಲೇ ಮುಗಿಯುತ್ತದೆಂದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೇಫರ್ ತಂಡ 2007ರಲ್ಲಿ ಕಂಪ್ಯೂಟರ್‌ನಿಂದ ಸಾಧಿಸಿ ತೋರಿಸಿತು. ಹಾಗಾದರೆ ಗೆಲ್ಲುವ ಸಮಸ್ಯೆ ಎಂದರೆ ಯಾರೋ ಆಗಲೇ ಮಾಡಿದ ತಪ್ಪು. ಆ ತಪ್ಪು ಮೇಲ್ನೋಟಕ್ಕೆ ಕಾಣಬಾರದು. ಕಾಯಿಗಳ ಲೆಕ್ಕ ಸಮವಾಗಿರಬೇಕು.

10ರಲ್ಲಿ ಇನ್ನೊಂದು ಹುಣಸೆ ಬೀಜ ಇಟ್ಟೆ. ಮೂರಕ್ಕೆ ಮೂರು. 19ರ ಕಪ್ಪು ಹೊಡೆದರೆ 30ರ ಬಿಳಿ 23, 14, 7 ಎಂದು ಒಂದೇ ಉಸಿರಿಗೆ ಮೂರನ್ನೂ ತೆಗೆಯುತ್ತದೆ! ಈ ಮೂರನೆಯ ಹಾರಾಟ ನಾನು ಯೋಜಿಸಿದ್ದಲ್ಲ, ತಾನಾಗಿ ಬಂದದ್ದು. 18ರ ಕಪ್ಪು ಹೊಡೆದರೆ ಎರಡಕ್ಕೆ ಒಂದು ಉಳಿದು ಗೆಲುವು ಎಳೆಯುತ್ತದೆ. ಆ ಕವಲು ನನಗೆ ಈಗಲೂ ಹಿಡಿಸಿಲ್ಲ.

ಅಂಕೆಗಳನ್ನು ಚೀಟಿಯಲ್ಲಿ ಬರೆದು, ಕುಂಬಳೆಗೆ ಹೊರಟಿದ್ದ ಮಲಯಾಳಿ ಗೆಳೆಯನಿಗೆ ಬದಿಯಡ್ಕದ ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟೆ. ಅವನಿಗೆ ಕನ್ನಡ ಓದಲು ಬಾರದು, ಬರಬೇಕಾಗಿಯೂ ಇರಲಿಲ್ಲ. ಬಸ್ಸು ಸೀತಾಂಗೋಳಿ ದಾಟುವ ಮೊದಲೇ ಮೊಬೈಲಿಗೆ ಉತ್ತರ ಬಂತು: 26–23. ನಾನು ಅದರ ಮುಂದೆ ಎರಡು ವಾರ ಕೂತಿದ್ದೆ.